ಓಲೆಯ ಮೇಲಿನ ರಾಗ

ಶಿಕಾರಿಪುರ, ಸೊರಬ ಎಂಬ ಎರಡು ಹೆಸರುಗಳು ಶಾಸನಗಳ ಪರಿಚಯವಿದ್ದವರಿಗೆ ಹೊಸವಲ್ಲ. ಬಿ. ಎಲ್. ರೈಸ್ ಅವರು ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟವನ್ನು (1902) ತೆರೆದರೆ ಶಿಕಾರಿಪುರದ ಕಲ್ಲುಗಳೂ, ಎಂಟನೆಯದನ್ನು (1904) ತೆರೆದರೆ ಸೊರಬದ ಕಲ್ಲುಗಳೂ ಪುಟ ಪುಟಕ್ಕೂ ಮಾತಾಡುತ್ತವೆ. ಆದರೆ ಕಲ್ಲು ಉಳಿದಂತೆ ಓಲೆ ಉಳಿಯಲಿಲ್ಲ. ಅದು ಕಾಲಧರ್ಮ, ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ನನ್ನ ದೂರು ಬೇರೆ. ಉಳಿದು ನಮ್ಮ ಪುಸ್ತಕಭಂಡಾರಗಳಿಗೆ ಬಂದು ಸೇರಿರುವ ಓಲೆಗಳಲ್ಲಿಯೂ ನಾವು ಅರ್ಧವನ್ನು ಮಾತ್ರ ಓದಿಕೊಂಡಿದ್ದೇವೆ. ಹಾಡಿನ ಮಾತನ್ನು ಓದಿದೆವು. ಅದರ ನೆತ್ತಿಯ ಮೇಲೆ ಲಿಪಿಕಾರ ಕೊರೆದಿಟ್ಟ ರಾಗದ ಹೆಸರಿನ ಮೇಲೆ ಕಣ್ಣಾಡಿಸಿ ಮುಂದೆ ಹೋದೆವು.

ಈ ಮಾತನ್ನು ಶಿಕಾರಿಪುರದ ಕಡೆಯಿಂದಲೆ ಹೇಳಲು ಕಾರಣವಿದೆ. ಆ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬುದೊಂದು ಇದ್ದಿತು. ಕಾಳಾಮುಖ ಯತಿಗಳ ಮಠ. 1162ರ ಒಂದು ಶಾಸನ, ಬಿಜ್ಜಳನ ಕಾಲದ್ದು, ಅಲ್ಲಿ ನಡೆಯುತ್ತಿದ್ದುದನ್ನೆಲ್ಲ ಒಂದೊಂದಾಗಿ ಹೇಳುತ್ತದೆ. ವೇದಗಳು, ವ್ಯಾಕರಣಗಳು, ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಇವೆಲ್ಲಕ್ಕೂ ಅದು ಪಾಠಶಾಲೆ, ದೀನರಿಗೆ ಅನ್ನಛತ್ರ, ರೋಗಿಗಳಿಗೆ ಔಷಧಶಾಲೆ. ಅನ್ನ ಪಡೆಯುವವರ ಸಾಲಿನಲ್ಲಿ ಹಾಡುವವರು, ಬಾರಿಸುವವರು, ಕೊಳಲೂದುವವರು, ಕುಣಿಯುವವರು ಎಲ್ಲರೂ ಬರುತ್ತಾರೆ. ಮಠದ ಗುರುಗಳಲ್ಲಿ ಒಬ್ಬನಾದ ವಾಮಶಕ್ತಿಯನ್ನು ಹೊಗಳುವಾಗ ವ್ಯಾಕರಣದಲ್ಲಿ ಪಾಣಿನಿಯೆಂದೂ ಕಾವ್ಯದಲ್ಲಿ ಸುಬಂಧುವೆಂದೂ ಹೇಳಿದ ಶಾಸನಕವಿ ನಾಟ್ಯ-ಸಂಗೀತಗಳಲ್ಲಿ ಭರತಮುನಿಯೆಂದೂ ಸೇರಿಸುತ್ತಾನೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ, ಇರಲಿ. ಆದರೆ ಹೊಗಳುವವನ ಮನಸ್ಸಿನಲ್ಲಿ ಕಾವ್ಯವೂ ಸಂಗೀತವೂ ಒಂದೇ ಉಸಿರಿನಲ್ಲಿ ಬಂದುವು ಎಂಬುದು ಗಮನಿಸತಕ್ಕ ವಿಷಯ. ಇಂತಹ ವಿದ್ಯಾಸ್ಥಾನಗಳಲ್ಲಿ ಪುಸ್ತಕಭಂಡಾರವೂ ಇರುತ್ತಿತ್ತೆಂಬುದಕ್ಕೆ ಕಲಬುರ್ಗಿ ಸೀಮೆಯ ನಾಗಾವಿಯ 1058ರ ಶಾಸನ ಸಾಕ್ಷಿ. ಅಲ್ಲಿಯ ಘಟಿಕಾಸ್ಥಾನಕ್ಕೆ ಆರು ಮಂದಿ ‘ಸರಸ್ವತೀ ಭಂಡಾರಿ’ಗಳಿದ್ದರು. ಇಂದಿನ ಎಷ್ಟೋ ಊರಿನ ಗ್ರಂಥಾಲಯಗಳಿಗೆ ಒಬ್ಬ ಪೂರ್ಣಾವಧಿಯ ಗ್ರಂಥಪಾಲಕನಿದ್ದರೆ ಅದೇ ಪುಣ್ಯ.

ಬಳ್ಳಿಗಾವೆಗೆ ಹತ್ತಿರದಲ್ಲಿಯೆ ತಾಳಗುಂದ. ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಕದಂಬರ ಚರಿತ್ರೆಯನ್ನು ಸಂಸ್ಕೃತದಲ್ಲಿ ಕಾವ್ಯವಾಗಿ ಕಟ್ಟಿ, ತಾನೇ ಅದನ್ನು ಕಲ್ಲಿನ ಮೇಲೆ ಬರೆದನೆಂದು ಆ ಕಂಬ ಹೇಳುತ್ತದೆ. ಅಂದರೆ ಕವಿಯ ಸ್ವಹಸ್ತಪ್ರತಿ, ಹದಿನೈದು ಶತಮಾನ ಕಳೆದರೂ ಊರ ಬಯಲಿನಲ್ಲಿ ನಿಂತಿದೆ! ಗ್ರಂಥಸಂಪಾದಕನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕೆ?

ಈ ಭಾಗ್ಯ ಅದೇ ಸೀಮೆಯ ಇನ್ನಿಬ್ಬರಿಗೆ ಒದಗಲಿಲ್ಲ. ಅಲ್ಲಮಪ್ರಭುವಿನದು ಬಳ್ಳಿಗಾವೆ, ಅಕ್ಕಮಹಾದೇವಿಯದು ಅದೇ ತಾಲ್ಲೂಕಿನ ಉಡುತಡಿ. ಇಬ್ಬರೂ ಹನ್ನೆರಡನೆಯ ಶತಮಾನದವರು. ಅವರ ಮಾತನ್ನು ಹೊತ್ತು ನಮ್ಮ ಕೈಗೆ ಬಂದಿರುವ ಓಲೆಗಳಾದರೋ ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದ ಈಚಿನವು. ನಡುವಿನ ಮುನ್ನೂರು ವರ್ಷ ಆ ಮಾತು ಎಲ್ಲಿ ಬದುಕಿತ್ತು? ಕೆಲವಷ್ಟು ನಶಿಸಿಹೋದ ಓಲೆಗಳಲ್ಲಿ. ಬಹಳವಾಗಿ ನಾಲಗೆಯ ಮೇಲೆ. ನಾಲಗೆಯ ಮೇಲೆ ಮೂರು ಶತಮಾನ ಬದುಕಿದ ಮಾತು ಬರಿಯ ಮಾತಾಗಿಯೆ ಬದುಕಿತೆಂದು ನಾನು ನಂಬಲಾರೆ.

ಅಲ್ಲಮನ ವೃತ್ತಿಯೇನೆಂಬುದನ್ನು ಇಲ್ಲಿ ನೆನೆಯಬೇಕು. ಹರಿಹರ ತನ್ನ ರಗಳೆಯಲ್ಲಿ ಅವನನ್ನು ಮದ್ದಳೆಯ ಕಲಾವಿದನನ್ನಾಗಿ ಚಿತ್ರಿಸುತ್ತಾನೆ. ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಕಥೆಯನ್ನು ಬೇರೆ ದಾರಿಗೆ ತಿರುಗಿಸಿ ಬನವಾಸಿಗೆ ಒಯ್ದರೂ ಮದ್ದಳೆಯನ್ನು ಮಾತ್ರ ಕೈಬಿಡುವುದಿಲ್ಲ, ಮಾಯಾದೇವಿ ಕುಣಿಯುತ್ತಾಳೆ, ಅಲ್ಲಮ ಬಾರಿಸುತ್ತಾನೆ. ಇಬ್ಬರು ಕವಿಗಳಿಗೂ ಉಳಿದ ವಿಷಯಗಳಲ್ಲಿ ಎಷ್ಟೋ ಭೇದವಿದ್ದರೂ ಈ ಒಂದು ಮಾತಿನಲ್ಲಿ ಒಮ್ಮತ. ಕನ್ನಡದ ಅತ್ಯಂತ ಗಹನವಾದ ಕವಿ ಲಯಗಾರ. ಅವನ ವಚನಗಳನ್ನು ಗಟ್ಟಿಯಾಗಿ ಓದಿದವರಿಗೆ ಅದು ಗೊತ್ತು: ವಾಕ್ಯ ಒಂದು ನಡೆಯಲ್ಲಿ ಸಾಗಿ, ಥಟ್ಟನೆ ತಡೆದು, ಇನ್ನೊಂದು ನಡೆಗೆ ಹೊರಳುತ್ತದೆ, ಮುಕ್ತಾಯದಲ್ಲಿ ಗುಹೇಶ್ವರನ ಅಂಕಿತ ಕೂಡುವ ರೀತಿ ತಾಳದಲ್ಲಿ ಸಮಕ್ಕೆ ಬಂದು ನಿಲ್ಲುವ ರೀತಿಯೆ. ಇಷ್ಟನ್ನು ಹೇಳುವ ವಿಮರ್ಶೆ ನಮ್ಮಲ್ಲಿ ವಿರಳ. ಅಲ್ಲಮನ ಬೆಡಗನ್ನು ಬಿಡಿಸಿದ ಪಂಡಿತರು ಅನೇಕರು. ಅವನ ಕೈಯಲ್ಲಿದ್ದ ಮದ್ದಳೆಯನ್ನು ಕಥೆಯ ಒಂದು ಅಲಂಕಾರವೆಂದು ತಿಳಿದವರೆ ಹೆಚ್ಚು.

ಇನ್ನು ಓಲೆಗೆ ಬರೋಣ. ಫ. ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ಓಲೆಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಿಸಿದ ಮೇಲೆ ವಚನ ಎಂಬುದು ಇಡೀ ನಾಡಿನ ಸೊತ್ತಾಯಿತು. ಆ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೆ ಅಚ್ಚಿನ ಮನೆಗೆ ಬಂದ ವಚನ ಓದುವ ವಚನವಾಯಿತು. ಅದೇ ಓಲೆಗಳಲ್ಲಿ ಅದೇ ಶರಣರ ಹೆಸರಿನಲ್ಲಿ ‘ಸ್ವರವಚನ’ ಎಂಬ ಇನ್ನೊಂದು ಜಾತಿಯ ರಚನೆಗಳೂ ಇದ್ದುವು. ಇವು ಹಾಡುಗಳು. ಪಲ್ಲವಿ ಇದೆ, ನುಡಿಗಳಿವೆ. ಪ್ರತಿ ನುಡಿಯ ಕೊನೆಗೆ ಪಲ್ಲವಿಗೆ ಮರಳಬೇಕೆಂಬ ಗುರುತಿದೆ. ತಲೆಯಲ್ಲಿ ರಾಗದ ಹೆಸರಿದೆ, ಎಷ್ಟೋ ಕಡೆ ತಾಳದ ಹೆಸರೂ ಇದೆ. ಬಸವಣ್ಣ, ಅಲ್ಲಮ, ಅಕ್ಕ, ಚನ್ನಬಸವಣ್ಣ ಇವರೆಲ್ಲರ ಅಂಕಿತದಲ್ಲಿಯೂ ಇಂತಹವು ಉಂಟು.

ಪಂಡಿತರ ಸಂಶಯ ತಕ್ಕದ್ದೆ: ಇವೆಲ್ಲ ನಿಜವಾಗಿಯೂ ಆ ಶರಣರವೆ? ಅವರ ಹೆಸರಿನಲ್ಲಿ ಆಮೇಲೆ ಯಾರೋ ಕಟ್ಟಿದ್ದಲ್ಲವೆ? ಭಾಷೆಯನ್ನು ನೋಡಿದರೆ ಹಲವು ಹಾಡುಗಳ ವಿಷಯದಲ್ಲಿ ಈ ಸಂಶಯ ಬಲವಾಗಿಯೆ ಹುಟ್ಟುತ್ತದೆ. ಆದರೆ ಸಂಶಯ ಹುಟ್ಟಿದೊಡನೆ ಹಾಡನ್ನು ಅನುಬಂಧಕ್ಕೆ ತಳ್ಳಿ ಕೈತೊಳೆದುಕೊಳ್ಳುವುದು ಮಾತ್ರ ನ್ಯಾಯವಲ್ಲ. ಅಕ್ಕನ ಅಂಕಿತದ ಒಂದು ಹಾಡು ಅಕ್ಕನದಲ್ಲವೆಂದೇ ಇಟ್ಟುಕೊಳ್ಳೋಣ. ಆಗ ಅದು ಇನ್ನೂ ಕುತೂಹಲದ ವಸ್ತುವಾಗುತ್ತದೆ. ಉಡುತಡಿಯ ಹೆಣ್ಣುಮಗಳ ಮಾತಿಗೆ ನಾಲ್ಕು ತಲೆಮಾರಿನ ಆಚೆಯ ಒಬ್ಬರು ಯಾವ ರಾಗ ಒಪ್ಪುತ್ತದೆಂದು ತಿಳಿದರು, ಯಾವ ತಾಳದಲ್ಲಿ ಅವಳ ಅಳಲನ್ನು ನಿಲ್ಲಿಸಿದರು ಎಂಬುದಕ್ಕೆ ಈ ಓಲೆ ಒಂದೇ ಸಾಕ್ಷಿ. ಕರ್ತೃ ಯಾರೆಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಈ ಸಾಕ್ಷಿ ಕಾಣಿಸುವುದಿಲ್ಲ. ಪಾಠಾಂತರಗಳನ್ನು ಅಕ್ಷರ ಅಕ್ಷರವಾಗಿ ಅಡಿಟಿಪ್ಪಣಿಯಲ್ಲಿ ಕೊಡುವ ನಮ್ಮ ಸಂಪಾದಕರಲ್ಲಿ ಅನೇಕರು, ಒಂದು ಪ್ರತಿಯಲ್ಲಿ ಒಂದು ರಾಗವೂ ಇನ್ನೊಂದು ಪ್ರತಿಯಲ್ಲಿ ಬೇರೊಂದು ರಾಗವೂ ಇದ್ದರೆ ಅದನ್ನು ಗುರುತಿಸುವ ಗೋಜಿಗೆ ಹೋಗುವುದಿಲ್ಲ. ‘ರಾಗಾಂತರ’ ಎಂಬ ಶಬ್ದವೆ ನಮ್ಮ ಸಂಪಾದನಶಾಸ್ತ್ರದಲ್ಲಿ ಬಳಕೆಗೆ ಬರಲಿಲ್ಲ. ದಾಸರ ಪದಗಳ ಗತಿಯೂ ಇದೇ. 1850ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಪಾದ್ರಿಗಳು ‘ದಾಸರ ಪದಗಳು’ ಅಚ್ಚುಹಾಕಿಸಿದಂದಿನಿಂದ ಒಂದೇ ಕೀರ್ತನೆ ಎಷ್ಟು ಪುಸ್ತಕಗಳಲ್ಲಿ ಎಷ್ಟು ರಾಗಗಳನ್ನು ತೊಟ್ಟುಕೊಂಡಿತೋ!

ಓಲೆಯ ಬರವಣಿಗೆ ಹೇಗಿರುತ್ತದೆಂಬುದನ್ನು ನೋಡದ ವಾಚಕರಿಗೆ ಒಂದು ಮಾತು. ಕಂಟದಿಂದ ಗೀಚಿ, ಮಸಿ ಸವರಿ, ಒರೆಸಿದರೆ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಗದ್ಯವೋ ಪದ್ಯವೋ, ಗರಿಯ ಉದ್ದಕ್ಕೂ ಒಂದೇ ಸಮನೆ ಬರೆದುಕೊಂಡು ಹೋಗುವುದು ವಾಡಿಕೆ. ಪದ್ಯಕ್ಕೆ ಸಾಲು ಮುರಿಯುವುದಿಲ್ಲ. ‘ಎ’ಗೂ ‘ಏ’ಗೂ, ‘ಒ’ಗೂ ‘ಓ’ಗೂ ಭೇದವಿಲ್ಲ, ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ಎಲ್ಲಿ ಎಳೆಯಬೇಕು, ಎಲ್ಲಿ ಮೊಟಕಬೇಕು ಎಂಬುದನ್ನು ಓದುವವನ ಕಿವಿಗೆ ಬಿಟ್ಟಿದ್ದಾರೆ. ಎಂದರೆ ಈ ಬರವಣಿಗೆ ಕಿವಿಯುಳ್ಳವನಿಗೆಂದೇ ಹುಟ್ಟಿದ್ದು. ಆ ಕಿವಿಯನ್ನು ಬದಿಗಿಟ್ಟು ಕಣ್ಣೊಂದರಿಂದ ಸಂಪಾದಿಸಿದರೆ ತಪ್ಪುವುದು ಸಹಜ.

ತ್ರಿಪದಿಯನ್ನು ತೆಗೆದುಕೊಳ್ಳಿ. ಅಕ್ಕನ ಹೆಸರಿನ ‘ಯೋಗಾಂಗತ್ರಿವಿಧಿ’ ತ್ರಿಪದಿಯಲ್ಲಿದೆ. ಕನ್ನಡದ ಈ ಅಚ್ಚ ದೇಶೀ ಛಂದಸ್ಸು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲಕ್ಕೇ ಕಲ್ಲನ್ನೇರಿತ್ತು. ಮೂರು ಸಾಲು, ಹನ್ನೊಂದು ಗಣ; ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವು ವಿಷ್ಣುಗಣ. ಇವು ಅಂಶಗಣಗಳು. ಪ್ರಸ್ತಾರ ಹಾಕಿ ನೋಡಿದರೆ ಒಂದು ವಿಷ್ಣುಗಣಕ್ಕೆ ಒಮ್ಮೆ ನಾಲ್ಕು ಮಾತ್ರೆ ಬರುತ್ತದೆ, ಒಮ್ಮೆ ಐದು, ಒಮ್ಮೆ ಆರು. ಮಾತ್ರೆ ಎಣಿಸುವವನು ಇದೇನು ಲೆಕ್ಕವೆಂದು ತಲೆ ತುರಿಸಿಕೊಳ್ಳುತ್ತಾನೆ. ಬೀಸುವ ಕಲ್ಲಿನ ಮುಂದೆ ಕುಳಿತ ಅಜ್ಜಿಗೆ ಈ ತೊಂದರೆಯಿಲ್ಲ. ನಾಲ್ಕನ್ನು ಎಳೆದು, ಆರನ್ನು ಒತ್ತರಿಸಿ, ಎರಡನೆಯ ಸಾಲನ್ನು ಮರಳಿಸಿ ಹೇಳಿ, ಎಲ್ಲವನ್ನೂ ಒಂದೇ ಕಾಲಕ್ಕೆ ತಂದು ನಿಲ್ಲಿಸುತ್ತಾಳೆ. ಅಂಶಛಂದಸ್ಸು ಎಂಬುದು ಕಾಗದದ ಮೇಲೆ ಅರ್ಧ, ಕಂಠದಲ್ಲಿ ಅರ್ಧ. ಈ ಕಾರಣದಿಂದಲೆ ಓಲೆಯಲ್ಲಿ ಗಣ ಕೆಟ್ಟಂತೆ ಕಾಣುವ ಕಡೆ ಅಕ್ಷರ ಸೇರಿಸಿಯೋ ಕಳೆದೋ ‘ತಿದ್ದಿ’ದ ಪಾಠಗಳನ್ನು ಕಂಡಾಗ ನನಗೆ ಹೆದರಿಕೆಯಾಗುತ್ತದೆ. ಕೆಟ್ಟದ್ದು ಗಣವೋ, ನಮ್ಮ ಕಿವಿಯೋ? ಹಾಡಿ ನೋಡದೆ ತಿದ್ದಬಾರದೆಂಬುದು ನಿಯಮವಾಗಬೇಕಿತ್ತು.

ಇಷ್ಟು ಹೇಳಿದ ಮೇಲೆ ಎದುರುವಾದವನ್ನೂ ನೋಡಬೇಕು. ಓಲೆಯ ಮೇಲೆ ಇರುವುದು ರಾಗದ ಹೆಸರು ಮಾತ್ರ, ಸ್ವರವಿಲ್ಲ. ಹೆಸರಿನಿಂದ ಏನಾದೀತು ಎಂದು ಸಂಗೀತಗಾರರು ಕೇಳುತ್ತಾರೆ. ಹೆಸರು ನಿಂತಲ್ಲಿ ನಿಲ್ಲುವುದಿಲ್ಲ, ನಿಜ. ಕರ್ಣಾಟಕ ಪದ್ಧತಿಯ ಭೈರವಿಯೆ ಬೇರೆ, ಹಿಂದೂಸ್ಥಾನಿಯ ಭೈರವಿಯೆ ಬೇರೆ; ಅಲ್ಲಿಯ ತೋಡಿ ಇಲ್ಲಿಯ ತೋಡಿಯಲ್ಲ. ಒಂದೇ ಕಾಲದಲ್ಲಿ ಇಷ್ಟು ಅಂತರವಿರುವಾಗ ಐದು ಶತಮಾನದ ಹಿಂದಿನ ಮಲಹರಿಯೋ ರಾಮಕ್ರಿಯೆಯೋ ಇಂದಿನ ಹೆಸರಿಗೆ ಸರಿಹೊಂದುತ್ತದೆಂದು ಹೇಳುವವರು ಯಾರು? ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ವಚನಗಳನ್ನು ಹಾಡಿದಾಗ ಕೇಳಿದವರ ಜನ್ಮ ಪಾವನವಾಯಿತು. ಆದರೆ ಆ ರಾಗ ಅವರ ಗುರುಪರಂಪರೆಯದು, ಓಲೆಯದಲ್ಲ. ಅದನ್ನು ಅವರಾರೂ ಓಲೆಯದೆಂದು ಹೇಳಿಕೊಂಡವರೂ ಅಲ್ಲ.

ಇದಕ್ಕೆ ಉತ್ತರವಾಗಿ ಯುರೋಪಿನ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ಸ್ವಿಟ್ಸರ್ಲೆಂಡಿನ ಸಂತ ಗಾಲ್ ಮಠದ ಪುಸ್ತಕಭಂಡಾರದಲ್ಲಿ ಹತ್ತನೆಯ ಶತಮಾನದ ಪೂಜಾಗೀತಗಳ ಹಸ್ತಪ್ರತಿಗಳಿವೆ. ಅಕ್ಷರಗಳ ಮೇಲೆ ಸಣ್ಣ ಗೆರೆ, ಕೊಕ್ಕೆ, ಚುಕ್ಕೆಗಳು. ಧ್ವನಿ ಏರಿತು, ಇಳಿಯಿತು ಎಂಬುದನ್ನು ಅವು ಹೇಳುತ್ತವೆ. ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಹೇಳುವುದಿಲ್ಲ. ಶತಮಾನಗಳ ಕಾಲ ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಫ್ರಾನ್ಸಿನ ಸೊಲೆಮ್ ಮಠದ ಸಂನ್ಯಾಸಿಗಳು ಮಾಡಿದ ಕೆಲಸ ಸರಳವಾದದ್ದು. 1889ರಿಂದ ಆ ಪುಟಗಳ ಛಾಯಾಚಿತ್ರಗಳನ್ನೇ ಸಂಪುಟಗಳಾಗಿ ಪ್ರಕಟಿಸತೊಡಗಿದರು. ಮೊದಲನೆಯದೇ ಸಂತ ಗಾಲ್‌ನ ಒಂದು ಪ್ರತಿ. ಅನಂತರ ಸ್ವರದ ಎತ್ತರವನ್ನು ಖಚಿತವಾಗಿ ಹೇಳುವ ಈಚಿನ ಪ್ರತಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಒಂದು ಪ್ರತಿ ಹೇಳದೆ ಬಿಟ್ಟದ್ದನ್ನು ಇನ್ನೊಂದು ಹೇಳಿತು. ಹತ್ತನೆಯ ಶತಮಾನದ ಹಾಡು ಹೀಗೇ ಇತ್ತೆಂದು ಆಣೆಯಿಟ್ಟು ಹೇಳಲು ಇಂದಿಗೂ ಸಾಧ್ಯವಿಲ್ಲ. ಆದರೆ ಆ ಗುರುತುಗಳು ನಿರರ್ಥಕವೆಂದು ಈಗ ಯಾರೂ ಹೇಳುವುದಿಲ್ಲ.

ನಮಗೂ ಪಕ್ಕದಲ್ಲಿಟ್ಟು ನೋಡತಕ್ಕ ಸಾಮಗ್ರಿ ಇಲ್ಲದಿಲ್ಲ. ವಿಜಯನಗರದ ರಾಮಾಮಾತ್ಯನ ‘ಸ್ವರಮೇಳಕಲಾನಿಧಿ’ 1550ರದು. ಹದಿನೇಳನೆಯ ಶತಮಾನದ ವೆಂಕಟಮಖಿಯ ‘ಚತುರ್ದಂಡಿಪ್ರಕಾಶಿಕೆ’ ಇದೆ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಕನ್ನಡದಲ್ಲಿಯೆ ಸಂಗೀತವಿಷಯವನ್ನು ಹೇಳುತ್ತದೆ, ಅದೇ ಶಿವಯೋಗಿಗಳ ‘ಕೈವಲ್ಯಪದ್ಧತಿ’ ರಾಗಗಳಲ್ಲಿ ಕಟ್ಟಿದ ಹಾಡುಗಳ ಗ್ರಂಥ. ತಂಜಾವೂರಿನ ಸರಸ್ವತೀ ಮಹಲಿನಲ್ಲಿ ಶಹಾಜಿ ಮಹಾರಾಜನ (1684–1712) ಕಾಲದ ರಾಗಲಕ್ಷಣದ ಪ್ರತಿಗಳಲ್ಲಿ ಸ್ವರಗಳನ್ನೇ ಬರೆದಿಟ್ಟಿದ್ದಾರೆ. ಸೊರಬ, ಶಿಕಾರಿಪುರಗಳನ್ನು ಆಳಿದ ಕೆಳದಿಯ ಅರಸು ಬಸವಭೂಪಾಲ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರೆದ ‘ಶಿವತತ್ತ್ವರತ್ನಾಕರ’ ಸಂಸ್ಕೃತದ ಒಂದು ವಿಶ್ವಕೋಶ. ಒಂಬತ್ತು ಕಲ್ಲೋಲ, ನೂರೆಂಟು ತರಂಗಗಳ ಆ ಗ್ರಂಥದಲ್ಲಿ ಸಂಗೀತಕ್ಕೂ ನಾಟ್ಯಕ್ಕೂ ಸ್ಥಾನವಿದೆ. ಒಂದು ಸ್ವರವಚನದ ಓಲೆ ಯಾವ ಕಾಲದ್ದೆಂದು ಲಿಪಿಯಿಂದ ಅಂದಾಜು ಮಾಡಿ, ಅದರ ತಲೆಯ ಮೇಲಿನ ರಾಗಕ್ಕೆ ಆ ಕಾಲಕ್ಕೆ ಹತ್ತಿರವಾದ ಲಕ್ಷಣಗ್ರಂಥ ಏನು ಹೇಳುತ್ತದೆಂದು ನೋಡಿದರೆ ಕನಿಷ್ಠಪಕ್ಷ ರಾಗದ ಅಸ್ಥಿಪಂಜರವಾದರೂ ಸಿಕ್ಕೀತು.

ಈ ಹೋಲಿಕೆ ಏಕೆ ನಡೆಯುವುದಿಲ್ಲ? ನನಗೆ ತೋರುವ ಮಟ್ಟಿಗೆ ಕಾರಣ ಗ್ರಂಥಸೂಚಿಯಲ್ಲಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿ 1891ರಲ್ಲಿ ಆರಂಭವಾಯಿತು. 1905ರಲ್ಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಕಣ್ಣಿಗೆ ಬಿದ್ದುದು ಅಲ್ಲಿಯೆ. ಅಲ್ಲಿಯ ಕನ್ನಡ ಓಲೆಗಳು ಮುಂದೆ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಗೆ ಬಂದುವು. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ಸೊರಬದ ನೆರೆಯಲ್ಲಿಯೆ, ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗುಂಡಾ ಜೋಯಿಸರು ಮಲೆನಾಡಿನಿಂದ ಕೂಡಿಸಿದ ಓಲೆಗಳಿವೆ, ತಿಗಳಾರಿ ಲಿಪಿಯವೂ ಇವೆ. ಎಲ್ಲ ಸಂಗ್ರಹಗಳೂ ಪೂಜ್ಯವೆ. ಆದರೆ ಗ್ರಂಥಸೂಚಿಯ ಪದ್ಧತಿಯಲ್ಲಿ ಸಂಗೀತವೆಂದರೆ ಸಂಗೀತಶಾಸ್ತ್ರ, ಅದು ಪ್ರಾಯಶಃ ಸಂಸ್ಕೃತದ ಕಪಾಟು; ಹಾಡು ಸಾಹಿತ್ಯ, ಅದು ಕನ್ನಡದ ಕಪಾಟು. ಸೂಚಿಯಲ್ಲಿ ಗ್ರಂಥದ ಹೆಸರು, ಕರ್ತೃ, ಗರಿಗಳ ಸಂಖ್ಯೆ, ಆದಿ, ಅಂತ್ಯ ಇಷ್ಟು ಬರೆದರೆ ಮುಗಿಯಿತು. ಯಾವ ರಾಗ ಎಷ್ಟು ಓಲೆಗಳಲ್ಲಿದೆ ಎಂದು ತಿಳಿಯಬೇಕೆಂದವನು ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಬೇಕು. ಸಂಗೀತ ಬಲ್ಲವರಿಗೆ ಹಳೆಯ ಲಿಪಿ ಬಾರದು. ಲಿಪಿ ಬಲ್ಲವರಿಗೆ ಸಂಗೀತದ ಗೊಡವೆ ಬೇಡ.

ಯಕ್ಷಗಾನದ ವಿಷಯದಲ್ಲಿ ಒಬ್ಬರು ಈ ಎರಡನ್ನೂ ಒಟ್ಟಿಗೆ ಹಿಡಿದರು. ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ (1957) ಬರೆಯುವಾಗ ಹಳೆಯ ಪ್ರಸಂಗಗಳ ಪ್ರತಿಗಳನ್ನು ಅರಸಿ ಅವುಗಳಲ್ಲಿಯ ರಾಗಗಳ ಹೆಸರುಗಳಿಗೂ ಬೆಲೆ ಕೊಟ್ಟರು, ಭಾಗವತರನ್ನು ಕೂರಿಸಿ ಹಾಡಿಸಿಯೂ ನೋಡಿದರು. 1959ರಲ್ಲಿ ಆ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಭಾಗವತರ ಕಂಠವಿದ್ದುದರಿಂದ ಅವರಿಗೆ ಅದು ಸಾಧ್ಯವಾಯಿತು ಎನ್ನಬಹುದು. ವಚನಕಾರರ ನಾಡಿನಲ್ಲಿಯೂ ಕಂಠಗಳು ಪೂರ್ತಿ ಸುಮ್ಮನಾಗಿಲ್ಲ. ದೀಪಾವಳಿಯ ರಾತ್ರಿ ಸೊರಬ, ಸಾಗರದ ಕಡೆಯ ಊರುಗಳಲ್ಲಿ ದೀಪ ಹಿಡಿದು ಮನೆ ಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಹಾಡಿಗೆ ಓಲೆಯಿಲ್ಲ, ಧಾಟಿಯಿದೆ. ಶಿವಮೊಗ್ಗೆಯ ಬಳಿಯ ಹೊಸಹಳ್ಳಿಯಲ್ಲಿ ಗಮಕದ ಪರಂಪರೆಯಿದೆ; ಅಲ್ಲಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದುದನ್ನು ವಾಚಕರು ಬಲ್ಲರು. ಷಟ್ಪದಿಯನ್ನು ಹೇಗೆ ಒಡೆಯಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಎಂಬುದನ್ನು ಗಮಕಿಗಳು ಬಲ್ಲಷ್ಟು ಛಂದಃಪಂಡಿತರು ಬಲ್ಲರೆಂದು ನನಗೆ ತೋರುವುದಿಲ್ಲ. ಸ್ವರವಚನದ ಓಲೆಯನ್ನು ಓದುವ ಮೇಜಿನ ಬಳಿ ಇಂಥವರೊಬ್ಬರನ್ನು ಕೂರಿಸಿಕೊಳ್ಳಲು ನಮ್ಮ ವಿದ್ವತ್ತಿಗೆ ಸಂಕೋಚವೇಕೆ?

ಓಲೆಗೆ ಆಯುಸ್ಸು ಬಹಳವಿಲ್ಲ. ಮಲೆನಾಡಿನ ಮಳೆಗೆ ಬೂಷ್ಟು, ಬೇಸಗೆಗೆ ಹುಳು. ಅಡಿಗೆಮನೆಯ ಅಟ್ಟದ ಹೊಗೆ ಕೆಲವು ಕಟ್ಟುಗಳನ್ನು ಕಾಪಾಡಿತು. ಹಳೆಯ ಓಲೆಯನ್ನು ಹೊಳೆಗೆ ಬಿಡುವುದೇ ಪುಣ್ಯವೆಂದು ತಿಳಿದ ಮನೆಗಳು ಎಷ್ಟನ್ನೋ ಕಳೆದುವು. 2003ರಲ್ಲಿ ಹಸ್ತಪ್ರತಿಗಳಿಗಾಗಿ ಒಂದು ರಾಷ್ಟ್ರೀಯ ಯೋಜನೆ ಹೊರಟಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಒಳಗೊಳ್ಳುವ ‘ಜ್ಞಾನ ಭಾರತಂ’ ಯೋಜನೆಯನ್ನು ಸಾರಿದರು. ಗರಿಗಳ ಚಿತ್ರ ತೆಗೆಯುವುದು ಈಗ ಕಷ್ಟದ ಕೆಲಸವಲ್ಲ. ಆದರೆ ಚಿತ್ರದ ಜೊತೆಗೆ ಬರೆಯುವ ವಿವರಪಟ್ಟಿ ಹಳೆಯದೇ ಆದರೆ, ರಾಗದ ಹೆಸರು ಓಲೆಯಲ್ಲಿ ಅಡಗಿದ್ದಂತೆ ಯಂತ್ರದಲ್ಲಿಯೂ ಅಡಗಿಯೆ ಇರುತ್ತದೆ. ಪಟ್ಟಿಗೆ ಬೇಕಾದದ್ದು ಇನ್ನು ಮೂರು ಕಲಮುಗಳು: ರಾಗ, ತಾಳ, ಪಲ್ಲವಿಯ ಮೊದಲ ಮಾತು. ಮೈಸೂರು, ಧಾರವಾಡ, ಕೆಳದಿ ಈ ಮೂರು ಕಡೆಯ ಓಲೆಗಳಿಗೆ ಮೊದಲು ಇಷ್ಟನ್ನು ಮಾಡಿದರೆ ಸಾಕು. ಅಲ್ಲಮನದೂ ಅಕ್ಕನದೂ ಎನ್ನುವ ಸ್ವರವಚನಗಳ ಕಟ್ಟುಗಳಿಂದ ತೊಡಗ­ಬಹುದು. ಅವು ಸಂಖ್ಯೆಯಲ್ಲಿ ಹೆಚ್ಚಿಲ್ಲ, ಲಿಪಿ ಓದಬಲ್ಲ ಒಬ್ಬರೂ ಹಾಡಬಲ್ಲ ಒಬ್ಬರೂ ಜೊತೆಯಾಗಿ ಕುಳಿತರೆ ಮುಗಿಯುವಷ್ಟಿವೆ.